ತರಬೇತಿಯನ್ನು ಸಭಾಂಗಣದಿಂದ ತೋಟಕ್ಕೆ ತನ್ನಿ: ಕೊಡಗಿನ ಮಾಲೀಕರಿಗೆ, ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕೊಡಗಿನ ತೋಟದ ಮಾಲೀಕರೇ, ಮ್ಯಾನೇಜರ್‌ಗಳೇ, ತರಬೇತಿ ಏರ್ಪಡಿಸುವ ಇಲಾಖೆ ಮತ್ತು ಸಹಕಾರ ಸಂಘಗಳ ಅಧಿಕಾರಿಗಳೇ,

ಎಲ್ಲರಿಗೂ ನಮಸ್ಕಾರ.

ಕರಿಮೆಣಸಿನ ಕೊಯ್ಲು ಹತ್ತಿರ ಬಂದರೆ ನನಗೆ ಭಯವಾಗುತ್ತದೆ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಕಾರ್ಮಿಕ ಸತ್ತ ಎಂಬ ಸುದ್ದಿ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಬಂದಿದೆ. ಸುದ್ದಿಯ ಬೆನ್ನಿಗೇ ಒಂದು ಮಾತೂ ಬರುತ್ತದೆ: ಕಾರ್ಮಿಕರಿಗೆ ಅರಿವು ಮೂಡಿಸಬೇಕು, ತರಬೇತಿ ಕೊಡಬೇಕು. ತರಬೇತಿ ಕೊಡುವುದೇ ನನ್ನ ಕಸುಬು. ಕೊಡಗಿನ ತೋಟ, ಸಹಕಾರ ಸಂಘ, ರೆಸಾರ್ಟ್‌ಗಳಲ್ಲಿ ದುಡಿಯುವವರಿಗೆ ಹಲವು ವರ್ಷಗಳಿಂದ ಕಲಿಸುತ್ತಿದ್ದೇನೆ. ಆದರೂ ಆ ಮಾತು ಕೇಳಿದಾಗ ನನಗೆ ಬೇಸರವೇ ಆಗುತ್ತದೆ.

ಯಾಕೆಂದರೆ ಏಣಿ ಹತ್ತುವವನಿಗೆ ಕರೆಂಟ್ ಹೊಡೆದರೆ ಸಾಯುತ್ತೇನೆ ಎಂಬುದು ಗೊತ್ತು. ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಕೈಗೆ ಕೊಟ್ಟ ಏಣಿ ಅಲ್ಯೂಮಿನಿಯಂನದು. ಹಗುರ, ಉದ್ದ, ಒಬ್ಬನೇ ಹೊತ್ತು ಮರದಿಂದ ಮರಕ್ಕೆ ಒಯ್ಯಬಹುದು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಪಕ್ಕದಲ್ಲೇ ತಂತಿ ಹಾದುಹೋಗಿದೆ. ಸೊಪ್ಪಿನ ನಡುವೆ ಅದು ಕೆಳಗಿನಿಂದ ಕಾಣುವುದಿಲ್ಲ. ಏಣಿ ಎತ್ತಿ ತಿರುಗಿಸುವ ಆ ಒಂದು ಕ್ಷಣದಲ್ಲಿ ಎಲ್ಲ ಮುಗಿದುಹೋಗುತ್ತದೆ. ಇಲ್ಲಿ ಬೇಕಾದದ್ದು ಭಾಷಣವಲ್ಲ. ತಂತಿ ಹತ್ತಿರದ ಮರಗಳಿಗೆ ಕರೆಂಟ್ ಹರಿಯದ ಫೈಬರ್ ಏಣಿ ಬೇಕು. ಕೊಯ್ಲಿಗೆ ಮೊದಲೇ ಅಂಥ ಮರಗಳಿಗೆ ಬಣ್ಣ ಬಳಿದು ಗುರುತು ಹಾಕಬೇಕು. ಆ ಸಾಲಿನಲ್ಲಿ ಕೆಲಸ ಇರುವ ದಿನ ಲೈನ್ ಆಫ್ ಮಾಡಿಸಲು ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಮುಂಚೆಯೇ ಅರ್ಜಿ ಕೊಡಬೇಕು. ಇದೆಲ್ಲ ಮಾಲೀಕರು ಮತ್ತು ಇಲಾಖೆ ಮಾಡಬೇಕಾದ ಕೆಲಸ. ಇಷ್ಟು ಮಾಡಿದ ಮೇಲೆ ತರಬೇತಿಗೆ ಒಂದು ಅರ್ಥ ಇದೆ: ಬಣ್ಣದ ಗುರುತು ಎಂದರೆ ಏನು, ಆ ಮರಕ್ಕೆ ಯಾವ ಏಣಿ, ಲೈನ್ ಆಫ್ ಆಗಿದೆ ಎಂದು ಯಾರು ಹೇಳಬೇಕು, ಹೇಳದಿದ್ದರೆ ಹತ್ತುವುದಿಲ್ಲ ಎನ್ನುವ ಹಕ್ಕು ಕಾರ್ಮಿಕನಿಗೆ ಇದೆಯೇ.

ಕೆಲಸದ ಸುರಕ್ಷತೆ ಬಗ್ಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ಒಂದು ಕ್ರಮವಿದೆ. ಮೊದಲು ಅಪಾಯವನ್ನೇ ತೆಗೆಯಿರಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ. ಅದೂ ಆಗದಿದ್ದರೆ ಅಪಾಯಕ್ಕೂ ಮನುಷ್ಯನಿಗೂ ನಡುವೆ ತಡೆ ಹಾಕಿ. ನಿಯಮ, ಎಚ್ಚರಿಕೆ, ತರಬೇತಿ ಬರುವುದು ಇವುಗಳ ನಂತರ. ಹೆಲ್ಮೆಟ್, ಗ್ಲೌಸ್ ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ತರಬೇತಿ ಮಾಡಿಸುವುದು ಸುಲಭ, ಖರ್ಚೂ ಕಡಿಮೆ, ಫೋಟೋ ಸಿಗುತ್ತದೆ. ಏಣಿ ಬದಲಿಸುವುದು ಖರ್ಚಿನ ಮಾತು.

ಈ ಪತ್ರದಲ್ಲಿ ನಾನು ಕೇಳಿಕೊಳ್ಳುವುದು ಇದನ್ನೇ. ತರಬೇತಿ ಇಟ್ಟುಕೊಳ್ಳುವ ಮೊದಲು ಕೆಲಸ ಯಾಕೆ ಸರಿಯಾಗಿ ಆಗುತ್ತಿಲ್ಲ ಎಂದು ಹೋಗಿ ನೋಡಿ. ತರಬೇತಿ ಬೇಕೇ ಬೇಕು ಎಂದಾದರೆ ಅದನ್ನು ಕೆಲಸ ನಡೆಯುವ ಜಾಗದಲ್ಲಿ, ಕೆಲಸ ಬರುವ ಹೊತ್ತಿನಲ್ಲಿ, ಕೈಯಿಂದ ಮಾಡಿಸಿ ಕಲಿಸಿ. ಆಮೇಲೆ ಕೆಲಸ ಬದಲಾಯಿತೇ ಎಂದು ಮತ್ತೆ ಹೋಗಿ ನೋಡಿ.

ಕಾಫಿ ಕಾಯಿಯನ್ನು ಕೊರೆದು ಒಳಗೆ ಸೇರುವ ಕಾಯಿಕೊರಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಅಲ್ಲಿಂದ ಕೊಡಗಿಗೂ ಬಂತು. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಉದುರಿದ ಹಣ್ಣು, ಇವುಗಳ ಒಳಗೆ ಕುಳಿತು ಅದು ಮುಂದಿನ ಫಸಲಿಗೆ ಕಾಯುತ್ತದೆ. ಹಾಗಾಗಿ ಗಿಡದಲ್ಲಿ ಒಂದೂ ಬಿಡದೆ ಕೊಯ್ಯುವುದು, ಉದುರಿದ್ದನ್ನು ಹೆಕ್ಕುವುದು ಇದಕ್ಕೆ ದೊಡ್ಡ ಮದ್ದು. ಪ್ರತಿ ತರಬೇತಿಯಲ್ಲೂ ಇದನ್ನು ಹೇಳುತ್ತಾರೆ. ಕಾರ್ಮಿಕರು ತಲೆ ಆಡಿಸುತ್ತಾರೆ. ತೋಟಕ್ಕೆ ಹೋದರೆ ಉದುರು ಹಣ್ಣು ಅಲ್ಲೇ ಬಿದ್ದಿರುತ್ತದೆ.

ಅವರಿಗೆ ತಿಳಿಯಲಿಲ್ಲವೇ? ತಿಳಿದಿದೆ. ಆದರೆ ಕೂಲಿ ಕೆ.ಜಿ. ಲೆಕ್ಕದಲ್ಲಿ. ತುಂಬಿದ ಗಿಡದಲ್ಲಿ ಕೈ ಹಾಕಿದರೆ ಚೀಲ ಬೇಗ ತುಂಬುತ್ತದೆ. ಬಗ್ಗಿ ಒಂದೊಂದೇ ಹಣ್ಣು ಹೆಕ್ಕಿದರೆ ಅರ್ಧ ದಿನಕ್ಕೆ ಬುಟ್ಟಿಯ ತಳ ಮುಚ್ಚುವುದಿಲ್ಲ. ಹಣ್ಣಾದದ್ದನ್ನು ಮಾತ್ರ ಕೊಯ್ಯಿರಿ, ಹಸಿರು ಕಾಯಿ ಬಿಡಿ ಎಂದು ಹೇಳುವುದೂ ಹೀಗೆಯೇ. ತೂಕದ ತಕ್ಕಡಿಗೆ ಹಣ್ಣೂ ಒಂದೇ, ಕಾಯಿಯೂ ಒಂದೇ. ಸಭಾಂಗಣದಲ್ಲಿ ನಾವು ಒಂದು ಹೇಳಿದರೆ ಸಂಜೆ ತಕ್ಕಡಿ ಇನ್ನೊಂದು ಹೇಳುತ್ತದೆ. ಮನೆ ನಡೆಸಬೇಕಾದವರು ಯಾವ ಮಾತು ಕೇಳಬೇಕು ಹೇಳಿ? ಉದುರು ಹೆಕ್ಕುವುದಕ್ಕೆ ದಿನಗೂಲಿ ಕೊಡುವ ತೋಟಗಳಲ್ಲಿ, ಹಣ್ಣು ಚೆನ್ನಾಗಿ ಆರಿಸಿ ತಂದ ಚೀಲಕ್ಕೆ ಸ್ವಲ್ಪ ಜಾಸ್ತಿ ದರ ಕೊಡುವ ತೋಟಗಳಲ್ಲಿ ಈ ಕೆಲಸ ಆಗುತ್ತಿರುವುದನ್ನು ನಾನು ನೋಡಿದ್ದೇನೆ. ಅಲ್ಲಿ ಯಾರೂ ಉದ್ದದ ತರಬೇತಿ ಕೊಟ್ಟಿರಲಿಲ್ಲ.

ಅಮೆರಿಕದ ರಾಬರ್ಟ್ ಮೇಗರ್ ಎಂಬ ತರಬೇತಿ ತಜ್ಞರು ಇದಕ್ಕೊಂದು ಸರಳ ಪರೀಕ್ಷೆ ಕೊಟ್ಟಿದ್ದರು. ಜೀವದ ಮೇಲೆ ಬಂದರೆ ಆ ಮನುಷ್ಯ ಈ ಕೆಲಸವನ್ನು ಸರಿಯಾಗಿ ಮಾಡಬಲ್ಲನೇ? ಮಾಡಬಲ್ಲ ಎಂದರೆ ಅವನಿಗೆ ಕಲಿಸುವುದೇನೂ ಇಲ್ಲ. ಅಡ್ಡಿ ಬೇರೆ ಎಲ್ಲೋ ಇದೆ. ಉಪಕರಣ ಸರಿ ಇಲ್ಲ, ಸಮಯ ಸಾಲದು, ಸರಿಯಾಗಿ ಮಾಡಿದರೆ ಅವನಿಗೇ ನಷ್ಟ, ಇಲ್ಲವೇ ಮಾಡಿದರೂ ಬಿಟ್ಟರೂ ಕೇಳುವವರಿಲ್ಲ. ಮಾಡಲಾರ ಎಂದಾಗ ಮಾತ್ರ ತರಬೇತಿ. ಈ ಒಂದು ಪ್ರಶ್ನೆಯನ್ನು ಪ್ರತಿ ಅರ್ಜಿಯ ಮೇಲೆ ಕೇಳಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಕಾರ್ಯಾಗಾರಗಳ ಹಣ ಏಣಿಗೆ, ನೆಟ್‌ಗೆ, ಸ್ಪ್ರೇ ಮಾಡುವವರ ಮಾಸ್ಕ್‌ಗೆ ಹೋಗುತ್ತಿತ್ತು.

ಹಾಗಂತ ತರಬೇತಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಜವಾಗಿಯೂ ಕಲಿಯಬೇಕಾದ ಕೆಲಸಗಳು ತೋಟದಲ್ಲಿ ಬೇಕಾದಷ್ಟಿವೆ. ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕವನ್ನು ಪತ್ತೆ ಹಚ್ಚುವುದು ಅಂಥದ್ದು. ಹುಳು ಕಾಂಡದ ಒಳಗೆ ಇರುತ್ತದೆ. ದುಂಬಿ ಹೊರಬಂದು ಹಾರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಹೊತ್ತಿಗೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೊಮ್ಮೆ. ಅದಕ್ಕೆ ಮೊದಲೇ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಕಾಂಡದ ಮೇಲಿನ ಉಬ್ಬು ಗೆರೆ, ಹಳದಿಯಾದ ಎಲೆ ನೋಡಿ ಗಿಡ ಗುರುತಿಸಿ ಕಿತ್ತು ಸುಡಬೇಕು. ಆ ಉಬ್ಬು ಗೆರೆ ಹೊಸಬರ ಕಣ್ಣಿಗೆ ಕಾಣುವುದೇ ಇಲ್ಲ. ಹಳಬರಿಗೆ ಹತ್ತು ಹೆಜ್ಜೆ ದೂರದಿಂದ ಗಿಡದ ಮುಖ ನೋಡಿದರೇ ಅನುಮಾನ ಬರುತ್ತದೆ.

ಇಂಥ ಕಣ್ಣಿನ ಕಲಿಕೆಗೆ ಪರದೆ ಮೇಲಿನ ನಾಲ್ಕು ಚಿತ್ರ ಸಾಲದು. ನಾನು ಹೀಗೆ ಮಾಡಿಸುತ್ತೇನೆ. ಒಂದು ಸಾಲಿನಲ್ಲಿ ರೋಗದ ಗಿಡ, ಒಳ್ಳೆಯ ಗಿಡ, ಅನುಮಾನದ ಗಿಡ ಎಲ್ಲ ಬೆರೆತಿರುವ ಕಡೆ ಹೋಗುತ್ತೇವೆ. ಪ್ರತಿಯೊಬ್ಬರೂ ಗಿಡ ನೋಡಿ ಇದೆ ಅಥವಾ ಇಲ್ಲ ಎಂದು ಮೊದಲು ಹೇಳಬೇಕು. ಹೇಳಿದ ಕೂಡಲೇ ಹಳಬರೊಬ್ಬರು ಸರಿಯೋ ತಪ್ಪೋ ಹೇಳುತ್ತಾರೆ, ಗೆರೆ ಮುಟ್ಟಿಸುತ್ತಾರೆ. ಅನುಮಾನ ಇದ್ದರೆ ಕಿತ್ತ ಗಿಡದ ಕಾಂಡ ಸೀಳಿ ಒಳಗಿನ ಸುರಂಗ ತೋರಿಸುತ್ತಾರೆ. ಮುಂದಿನ ಗಿಡ. ಮತ್ತೆ ಮುಂದಿನದು. ಒಳ್ಳೆಯ ಗಿಡ ಹೇಗಿರುತ್ತದೆ ಎಂಬುದನ್ನೂ ಪಕ್ಕದಲ್ಲೇ ನೋಡಿದರೆ ಮಾತ್ರ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ತರಬೇತಿ ಪುಸ್ತಕಗಳಲ್ಲಿ ಬರೀ ರೋಗದ ಗಿಡದ ಚಿತ್ರ ಹಾಕುವುದು ಯಾಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಕೈಯ ಕಲಿಕೆ. ಕರಿಮೆಣಸಿಗೆ ರೋಗ ತಗಲದಂತೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ನಿಮಗೆಲ್ಲ ಗೊತ್ತಿರುವುದೇ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಲೆಕ್ಕ ಸುಲಭ. ಕೆಡುವುದು ಮಾಡುವ ರೀತಿಯಲ್ಲಿ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಲೋಹದ ಪಾತ್ರೆ ಬಳಸಬಾರದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು. ಇಲ್ಲದಿದ್ದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು.

ಇದನ್ನು ಹೇಳಿಕೊಡಲು ಐದು ನಿಮಿಷ ಸಾಕು. ಕಲಿಸಲು ಸಾಲದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರ ನಡುವೆ, ಅಮೆರಿಕ ಸರ್ಕಾರ ಕಾರ್ಖಾನೆಗಳ ಮೇಸ್ತ್ರಿಗಳಿಗೆ ಕೆಲಸ ಕಲಿಸುವುದು ಹೇಗೆ ಎಂದು ಹೇಳಿಕೊಡುವ ಒಂದು ಯೋಜನೆ ನಡೆಸಿತು. ನುರಿತವರು ಯುದ್ಧಕ್ಕೆ ಹೋಗಿದ್ದರು. ಯಂತ್ರ ಮುಟ್ಟಿಯೇ ಗೊತ್ತಿಲ್ಲದ ಹೆಂಗಸರು, ಹಳ್ಳಿಯವರು ಕೆಲಸಕ್ಕೆ ಬಂದಿದ್ದರು. 16 ಲಕ್ಷಕ್ಕೂ ಹೆಚ್ಚು ಜನ ಆ ಯೋಜನೆಯಲ್ಲಿ ತರಬೇತಿ ಪಡೆದರು. ಪಾಠ ಎರಡೆರಡು ಗಂಟೆಯಂತೆ ಐದು ದಿನ ಮಾತ್ರ. ವಿಧಾನವೂ ಸರಳ. ಮೊದಲು ಕಲಿಯುವವನ ಭಯ ಬಿಡಿಸಿ, ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಬೇಕು. ಆಮೇಲೆ ಒಂದೊಂದೇ ಹಂತ ಮಾಡಿ ತೋರಿಸಬೇಕು, ಪ್ರತಿ ಹಂತದಲ್ಲಿ ಎಡವುವ ಜಾಗ ಯಾವುದು ಎಂದು ಒತ್ತಿ ಹೇಳಬೇಕು. ನಂತರ ಅವನ ಕೈಯಿಂದ ಮಾಡಿಸಬೇಕು. ಮಾಡುತ್ತಾ ಆ ಎಡವುವ ಜಾಗಗಳನ್ನು ಅವನೇ ಬಾಯಲ್ಲಿ ಹೇಳಬೇಕು. ಕೊನೆಗೆ ಒಬ್ಬನೇ ಮಾಡಲು ಬಿಟ್ಟು, ಅನುಮಾನ ಬಂದರೆ ಯಾರನ್ನು ಕೇಳಬೇಕು ಎಂದು ಹೇಳಿ, ಆಗಾಗ ಬಂದು ನೋಡಬೇಕು. ಕಲಿಯುವವನು ಕಲಿತಿಲ್ಲ ಎಂದರೆ ಕಲಿಸುವವನು ಕಲಿಸಿಲ್ಲ ಎಂಬುದು ಅವರ ಘೋಷವಾಕ್ಯವಾಗಿತ್ತು. ನನ್ನ ಕಸುಬಿನಲ್ಲಿ ಇದಕ್ಕಿಂತ ನ್ಯಾಯವಾದ ಮಾತು ನಾನು ಕೇಳಿಲ್ಲ.

ಬೋರ್ಡೋ ದ್ರಾವಣಕ್ಕೆ ಇದನ್ನು ಹೊಂದಿಸಿ ನೋಡಿ. ಎರಡು ಡ್ರಮ್, ಒಂದು ಕತ್ತಿ, ಒಬ್ಬ ಮೇಸ್ತ್ರಿ, ಇಬ್ಬರು ಕಲಿಯುವವರು. ಯಾವುದಕ್ಕೆ ಯಾವುದನ್ನು ಸುರಿಯಬೇಕು ಎಂದು ಅವರ ಬಾಯಲ್ಲೇ ಬರಬೇಕು. ಸುಣ್ಣ ಬೇಕೆಂದೇ ಕಡಿಮೆ ಹಾಕಿ ಕತ್ತಿ ಕೆಂಪಾಗುವುದನ್ನು ಅವರ ಕಣ್ಣಾರೆ ತೋರಿಸಿ. ಅದನ್ನು ಒಮ್ಮೆ ನೋಡಿದವರು ಕತ್ತಿ ಅದ್ದುವುದನ್ನು ತಪ್ಪಿಸುವುದು ಕಡಿಮೆ.

ಈಗ ಸಭಾಂಗಣದ ವಿಷಯ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು ಎಲ್ಲ ನಮ್ಮ ಜಿಲ್ಲೆಯಲ್ಲೇ ಇವೆ. ಇಷ್ಟು ಸಣ್ಣ ಜಿಲ್ಲೆಗೆ ಇಷ್ಟು ತಿಳಿವಳಿಕೆ ಇರುವುದು ದೊಡ್ಡ ಭಾಗ್ಯ. ಆ ತಿಳಿವಳಿಕೆ ಕಾರ್ಮಿಕರ ಕೈಗೆ ಇಳಿಯುವ ದಾರಿಯಲ್ಲಿ ಸೋರುತ್ತಿದೆ. ಕಾರ್ಯಕ್ರಮದ ರೂಪ ನೋಡಿ. ಬೆಳಿಗ್ಗೆ ಉದ್ಘಾಟನೆ, ಗಣ್ಯರ ಮಾತು, ಆಮೇಲೆ ಒಂದರ ಮೇಲೊಂದು ಉಪನ್ಯಾಸ, ಊಟ, ಮಧ್ಯಾಹ್ನ ಮತ್ತೆ ಉಪನ್ಯಾಸ, ಪ್ರಮಾಣಪತ್ರ. ಒಂದೇ ದಿನದಲ್ಲಿ ಕಪಾತು (ರೆಂಬೆ ಸವರುವುದು), ಗೊಬ್ಬರ, ರೋಗ, ಕೀಟ, ಸಂಸ್ಕರಣೆ ಎಲ್ಲ ಮುಗಿದಿರುತ್ತದೆ. ಅದೂ ಎಷ್ಟೋ ಸಲ ಕೊಯ್ಲಿನ ತಿಂಗಳಲ್ಲಿ, ಯಾಕೆಂದರೆ ಹಣಕಾಸು ವರ್ಷ ಮುಗಿಯುವುದು ಮಾರ್ಚ್‌ನಲ್ಲಿ.

ಮನುಷ್ಯನ ನೆನಪು ಹೀಗೆ ಕೆಲಸ ಮಾಡುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪರೀಕ್ಷೆ ಮಾಡಿ ತೋರಿಸಿದ: ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ. ಆತ ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಅರ್ಥವಿರುವ ವಿಷಯ ಇನ್ನಷ್ಟು ಕಾಲ ಉಳಿಯುತ್ತದೆ, ನಿಜ. ಆದರೂ ಬಿಟ್ಟುಬಿಟ್ಟು ನೆನಪಿಸದಿದ್ದರೆ ಅದೂ ಜಾರುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪು ಮಾಡಿಕೊಂಡು ಬರೆದವರು ಮುಂದೆ. ಕಾರ್ಯಾಗಾರದ ಕೊನೆಗೆ ಎಲ್ಲರೂ ಖುಷಿಯಾಗಿ ಅರ್ಥವಾಯಿತು ಎನ್ನುವುದೂ, ವಾರ ಬಿಟ್ಟು ಏನೂ ಉಳಿಯದಿರುವುದೂ ಎರಡೂ ನಿಜ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಒಂದು ದಿನದ ತರಬೇತಿಯನ್ನು ಒಡೆಯಿರಿ. ಬೆಳಿಗ್ಗೆ ಹಾಜರಿ ಕರೆಯುವಾಗ ಎಲ್ಲರೂ ಒಂದು ಕಡೆ ಸೇರಿರುತ್ತಾರೆ. ಆ ಹೊತ್ತಿನಲ್ಲಿ ಹತ್ತು ನಿಮಿಷ ಸಾಕು. ಇವತ್ತು ಮಾಡುವ ಕೆಲಸದ ಬಗ್ಗೆ ಒಂದೇ ಒಂದು ವಿಷಯ. ಹೇಳುವುದಕ್ಕಿಂತ ಕೇಳುವುದು ಜಾಸ್ತಿ ಇರಲಿ. ಕಾಂಡದಿಂದ ನೇರ ಮೇಲೇಳುವ ಕಂಬಚಿಗುರು ತೆಗೆಯುವ ದಿನ ಎರಡು ರೆಂಬೆ ಕೈಯಲ್ಲಿ ಹಿಡಿದು ಯಾವುದನ್ನು ಬಿಡುತ್ತೀರಿ, ಯಾಕೆ ಎಂದು ಕೇಳಿ. ಮೂರು ದಿನ ಬಿಟ್ಟು ಮತ್ತೆ ಕೇಳಿ. ಎರಡು ವಾರ ಬಿಟ್ಟು ಇನ್ನೊಮ್ಮೆ. ಇದಕ್ಕೆ ಹಾಲ್ ಬೇಡ, ಶಾಮಿಯಾನ ಬೇಡ. ಅಧಿಕಾರಿಗಳಲ್ಲಿ ಕೇಳುವುದು ಇಷ್ಟು: ವರ್ಷದ ತರಬೇತಿ ಪಟ್ಟಿಯನ್ನು ಹಣಕಾಸು ವರ್ಷದ ಬದಲು ತೋಟದ ಕೆಲಸದ ಕ್ರಮಕ್ಕೆ ಹೊಂದಿಸಿ. ಕಾಂಡಕೊರಕದ ಪಾಠ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ದ್ರಾವಣದ ಪಾಠ ಮಳೆಗೆ ಮೊದಲು, ಒಣಗಿಸುವ ಪಾಠ ಕಣದಲ್ಲಿ ಕಾಫಿ ಹರಡಿರುವಾಗ.

ದೊಡ್ಡವರು ಕಲಿಯುವುದು ಮಕ್ಕಳ ಹಾಗಲ್ಲ ಎಂದು 1960ರ ದಶಕದ ಕೊನೆಯಿಂದ ಗಟ್ಟಿಯಾಗಿ ಹೇಳಿದವರು ಅಮೆರಿಕದ ವಯಸ್ಕರ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್. ಇದನ್ನು ಯಾಕೆ ಕಲಿಯಬೇಕು ಎಂಬುದು ದೊಡ್ಡವರಿಗೆ ಮೊದಲು ತಿಳಿಯಬೇಕು. ಅವರು ಅನುಭವ ಹೊತ್ತು ಬಂದಿರುತ್ತಾರೆ. ತಮ್ಮ ವಿಷಯ ತಾವೇ ತೀರ್ಮಾನಿಸಲು ಬಯಸುತ್ತಾರೆ. ಎದುರಿಗಿರುವ ತೊಂದರೆಗೆ ಉತ್ತರ ಸಿಗುವುದಾದರೆ ಕಿವಿಗೊಡುತ್ತಾರೆ. ಇದು ಪ್ರಯೋಗದಿಂದ ಸಾಬೀತಾದ ನಿಯಮ ಎಂದು ನಾನು ಹೇಳುವುದಿಲ್ಲ, ಆ ಬಗ್ಗೆ ಬಹಳ ಚರ್ಚೆ ಇದೆ. ಆದರೆ ಮನುಷ್ಯರನ್ನು ಮರ್ಯಾದೆಯಿಂದ ನೋಡುವ ಒಂದು ರೀತಿ ಅದರಲ್ಲಿದೆ.

ದಕ್ಷಿಣ ಕೊಡಗಿನ ಒಂದು ತೋಟದ ಕಣದಲ್ಲಿ ನಡೆದದ್ದು ಹೇಳುತ್ತೇನೆ. ತೇವಾಂಶ ಅಳೆಯುವ ಹೊಸ ಮೀಟರ್ ಬಂದಿತ್ತು. ಅದನ್ನು ಬಳಸುವುದು ಹೇಗೆ ಎಂದು ತೋರಿಸಲು ನನ್ನನ್ನು ಕರೆದಿದ್ದರು. ಕಣದ ಕೆಲಸ ನೋಡಿಕೊಳ್ಳುತ್ತಿದ್ದ ಎರವ ಬುಡಕಟ್ಟಿನ ಹಿರಿಯ ಹೆಂಗಸೊಬ್ಬರು ಮೂಲೆಯಲ್ಲಿ ನಿಂತಿದ್ದರು. "ಅಕ್ಕಾ, ಒಣಗಿದ್ದು ಸಾಕು ಅಂತ ನೀವು ಹೇಗೆ ಗೊತ್ತು ಮಾಡ್ತೀರಿ?" ಎಂದು ಕೇಳಿದೆ. ಅವರು ಒಂದು ಮುಷ್ಟಿ ಚೆರ್ರಿ, ಅಂದರೆ ಸಿಪ್ಪೆಯೊಂದಿಗೇ ಒಣಗಿಸಿದ ಕಾಫಿ ಹಣ್ಣು, ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. "ಒಳಗೆ ಗಲಗಲ ಅನ್ನಬೇಕು," ಎಂದರು. ಅಲ್ಲಿಂದ ಪಾಠದ ರೀತಿಯೇ ಬದಲಾಯಿತು. ಅವರು ಮೊದಲು ಸದ್ದು ಕೇಳಿ ಆಯಿತು ಅಥವಾ ಇಲ್ಲ ಎನ್ನುವುದು, ಆಮೇಲೆ ತೋಟದ ಲೆಕ್ಕ ಬರೆಯುವ ರೈಟರು ಮೀಟರ್ ಹಾಕಿ ಅಂಕಿ ಓದುವುದು. ಕಣದ ಹುಡುಗರು ಎರಡನ್ನೂ ಕಲಿತರು. ಮೋಡ ಕವಿದ ದಿನಗಳಲ್ಲಿ ಸದ್ದು ಎಲ್ಲಿ ಮೋಸ ಮಾಡುತ್ತದೆ ಎಂಬುದು ಆ ಅಕ್ಕನಿಗೂ ಮೀಟರ್‌ನಿಂದ ತಿಳಿಯಿತು. ಅವರನ್ನು ಕೇಳದೆ ಮೀಟರ್ ಒಂದೇ ಕಲಿಸಿದ್ದರೆ ಅದು ಬೀರುವಿನೊಳಗೆ ಸೇರುತ್ತಿತ್ತು.

ಭಾಷೆಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಒಂದು ತೋಟದಲ್ಲೇ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತಮಿಳು, ಎರವ ಭಾಷೆ ಎಲ್ಲ ಕೇಳುತ್ತದೆ. ಅಸ್ಸಾಂ ಕಡೆಯಿಂದ ಬಂದವರು ಈಗ ಎಲ್ಲ ಕಡೆ ಇದ್ದಾರೆ. ಅವರ ಮುಂದೆ ಇಂಗ್ಲಿಷ್ ಅಕ್ಷರಗಳ ಸ್ಲೈಡ್ ಹಾಕಿ ಕನ್ನಡದಲ್ಲಿ ಓದಿ ಹೇಳಿದರೆ ಯಾರಿಗೆ ತಲುಪುತ್ತದೆ? ಮಾಡಿ ತೋರಿಸಿದರೆ ಭಾಷೆಯ ಅರ್ಧ ತೊಂದರೆ ಅಲ್ಲೇ ಕಳೆಯಿತು. ಉಳಿದ ಅರ್ಧಕ್ಕೆ ಅವರ ಗುಂಪಿನಲ್ಲೇ ಒಬ್ಬರನ್ನು ಮೊದಲು ಕಲಿಸಿ, ಅವರಿಂದ ಉಳಿದವರಿಗೆ ಹೇಳಿಸಿ. ಕೀಟನಾಶಕದ ಡಬ್ಬಿ ಮೇಲಿನ ಬಣ್ಣದ ಗುರುತು, ಸ್ಪ್ರೇ ಆದ ಸಾಲಿಗೆ ಕಟ್ಟುವ ಬಟ್ಟೆ, ಇಂಥವಕ್ಕೆ ಓದು ಬರಬೇಕಾಗಿಲ್ಲ. ಓದು ಬಾರದವರನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸಿ ಪ್ರಶ್ನೆ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಒಮ್ಮೆ ಅವಮಾನವಾದ ದೊಡ್ಡವರು ಮತ್ತೆ ಬಾಯಿ ತೆರೆಯುವುದಿಲ್ಲ.

ಇದರ ಜೊತೆಗೇ ಒಂದು ಮಾತು. ರೆಸಾರ್ಟ್, ಬ್ಯಾಂಕ್‌ಗಳ ತರಬೇತಿಗೆ ದೂರದಿಂದ ಬರುವವರು ಕೆಲವರು ನೀವು ಕಣ್ಣಿಂದ ಕಲಿಯುವವರೋ, ಕಿವಿಯಿಂದ ಕಲಿಯುವವರೋ ಎಂದು ಪರೀಕ್ಷೆ ಮಾಡಿ ಜನರನ್ನು ವಿಂಗಡಿಸುತ್ತಾರೆ. ಅದಕ್ಕೆ ದುಡ್ಡು ಕೊಡಬೇಡಿ. 2008ರಲ್ಲಿ ನಾಲ್ವರು ಮನೋವಿಜ್ಞಾನಿಗಳು ಈ ಬಗ್ಗೆ ನಡೆದ ಸಂಶೋಧನೆಯನ್ನೆಲ್ಲ ಜಾಲಾಡಿ, ಹಾಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನುವುದಕ್ಕೆ ಸರಿಯಾದ ಆಧಾರ ಇಲ್ಲ ಎಂದು ಬರೆದಿದ್ದಾರೆ. ಏನನ್ನು ಕಲಿಸುತ್ತಿದ್ದೇವೆ ಎಂಬುದರ ಮೇಲೆ ರೀತಿ ನಿಲ್ಲುತ್ತದೆ. ಸದ್ದನ್ನು ಕಿವಿಯಿಂದ, ಗೆರೆಯನ್ನು ಕಣ್ಣಿಂದ, ಕಪಾತನ್ನು ಕೈಯಿಂದಲೇ ಕಲಿಯಬೇಕು, ಯಾರೇ ಆಗಲಿ. ಹೋಂಸ್ಟೇ ಹುಡುಗರಿಗೂ ಇದೇ ಅನ್ವಯ. ಅತಿಥಿ ಸಿಟ್ಟಾದರೆ ಹೀಗೆ ಮಾತಾಡಿ ಎಂದು ಬೋರ್ಡ್ ಮೇಲೆ ಬರೆಯಬೇಡಿ, ಒಬ್ಬರನ್ನು ಸಿಟ್ಟಾದ ಅತಿಥಿ ಮಾಡಿ ಎದುರು ನಿಲ್ಲಿಸಿ, ಬಾಯಿಂದ ಮಾತಾಡಿಸಿ.

ಮೇಸ್ತ್ರಿಗಳ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ತೋಟದಲ್ಲಿ ನಿಜವಾದ ಗುರು ಮೇಸ್ತ್ರಿ. ತರಬೇತಿಯಲ್ಲಿ ಕಲಿತದ್ದು ಕೆಲಸದಲ್ಲಿ ಉಳಿಯುತ್ತದೆಯೇ ಎಂಬುದಕ್ಕೆ ಪಾಠದಷ್ಟೇ ಕೆಲಸದ ಜಾಗದ ವಾತಾವರಣವೂ, ಮೇಲಿನವರ ಬೆಂಬಲವೂ ಕಾರಣ ಎಂದು ಬಾಲ್ಡ್‌ವಿನ್ ಮತ್ತು ಫೋರ್ಡ್ ಎಂಬ ಸಂಶೋಧಕರು 1988ರಲ್ಲೇ ವಿವರಿಸಿದ್ದರು. ಕಾರ್ಮಿಕರನ್ನು ಮಡಿಕೇರಿಗೆ ಕರೆದೊಯ್ದು ಹೊಸ ವಿಧಾನ ಕಲಿಸುತ್ತೀರಿ. ಮೇಸ್ತ್ರಿಗೆ ಅದು ಗೊತ್ತೇ ಇರುವುದಿಲ್ಲ. ಮರುದಿನ ಅವರು ಹೊಸ ರೀತಿಯಲ್ಲಿ ಮಾಡಲು ಹೋದರೆ, "ಅದೆಲ್ಲ ಆಮೇಲೆ, ಈ ಬ್ಲಾಕ್ ಇವತ್ತೇ ಮುಗೀಬೇಕು," ಎನ್ನುತ್ತಾರೆ ಮೇಸ್ತ್ರಿ. ತಪ್ಪು ಅವರದಲ್ಲ. ಅವರ ತಲೆ ಮೇಲೆ ಇರುವುದು ಎಷ್ಟು ಎಕರೆ ಆಯಿತು ಎಂಬ ಲೆಕ್ಕ. ಮೊದಲು ಮೇಸ್ತ್ರಿಗೆ ಕಲಿಸಿ. ಕೆಲಸ ಮಾತ್ರ ಅಲ್ಲ, ಕಲಿಸುವುದನ್ನೂ ಕಲಿಸಿ. ಹೊಸಬರು ಬಂದ ಮೊದಲ ವಾರ ಎಕರೆ ಲೆಕ್ಕದಲ್ಲಿ ಮೇಸ್ತ್ರಿಗೆ ರಿಯಾಯಿತಿ ಕೊಡಿ.

ಇನ್ನೊಂದು ವಿಷಯವನ್ನು ಬಿಟ್ಟರೆ ತಪ್ಪಾಗುತ್ತದೆ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಮಾಲೀಕರು ಅದರ ಬಗ್ಗೆ ಅರಿವಿನ ಕಾರ್ಯಕ್ರಮ ನಡೆಸಬೇಕು. ಕೊಯ್ಲಿಗೆ ಬರುವವರಲ್ಲಿ ಹೆಂಗಸರು ಎಷ್ಟಿದ್ದಾರೆ ನಿಮಗೇ ಗೊತ್ತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಈ ಕೆಲಸ ಆಗುವುದಿಲ್ಲ. ಕಾರ್ಮಿಕರ ಲೈನ್‌ಮನೆಯಲ್ಲಿರುವ (ಸಾಲುಮನೆ) ಹೆಣ್ಣುಮಗಳೊಬ್ಬಳಿಗೆ ತೊಂದರೆಯಾದರೆ ಯಾರ ಹತ್ತಿರ, ಯಾವ ಭಾಷೆಯಲ್ಲಿ, ಯಾವ ಹೊತ್ತಿನಲ್ಲಿ ಹೇಳಬಹುದು, ಹೇಳಿದ ಮೇಲೆ ಅವಳ ಕೆಲಸ ಉಳಿಯುತ್ತದೆಯೇ ಎಂಬುದು ಅವಳಿಗೆ ಗೊತ್ತಿರಬೇಕು. ಅದನ್ನು ಅವಳ ಬಾಯಿಂದ ಕೇಳಿ ತಿಳಿದರೆ ಮಾತ್ರ ತರಬೇತಿ ಆಗಿದೆ ಎಂದು ಬರೆದುಕೊಳ್ಳಿ.

ಲೆಕ್ಕ ಇಡುವ ರೀತಿಯೂ ಬದಲಾಗಬೇಕು. ತರಬೇತಿ ಫಲ ಕೊಟ್ಟಿತೇ ಎಂದು ಅಳೆಯಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು. ಬಂದವರಿಗೆ ಇಷ್ಟವಾಯಿತೇ? ಕಲಿತರೇ? ಕೆಲಸದಲ್ಲಿ ಹಾಗೆ ಮಾಡುತ್ತಿದ್ದಾರೆಯೇ? ಅದರಿಂದ ಸಂಸ್ಥೆಗೆ ಏನಾದರೂ ಆಯಿತೇ? ನಮ್ಮ ವರದಿಗಳು ಮೊದಲ ಪ್ರಶ್ನೆಯನ್ನೂ ಮುಟ್ಟುವುದಿಲ್ಲ. ಎಷ್ಟು ಜನ ಬಂದರು ಎಂಬಲ್ಲಿಗೆ ನಿಲ್ಲುತ್ತವೆ. ನಾನು ಕೇಳುವುದು ಮೂರನೇ ಪ್ರಶ್ನೆ. ತಿಂಗಳು ಬಿಟ್ಟು ಒಬ್ಬ ಅಧಿಕಾರಿ ಆ ತೋಟಕ್ಕೆ ಬರಲಿ. ದ್ರಾವಣ ಮಾಡುವವರ ಪಕ್ಕ ನಿಲ್ಲಲಿ. ಕತ್ತಿ ಅದ್ದುತ್ತಾರೆಯೇ ನೋಡಲಿ. ಅದ್ದದಿದ್ದರೆ ಬಯ್ಯುವುದು ಬೇಡ, ಯಾಕೆ ಎಂದು ಕೇಳಲಿ. ಆ ಉತ್ತರ ಮುಂದಿನ ತರಬೇತಿಯನ್ನು ಹೇಗೆ ಮಾಡಬೇಕೆಂದು ತಿಳಿಸುತ್ತದೆ. ವರದಿಯ ನಮೂನೆಯಲ್ಲಿ ಇದಕ್ಕೊಂದು ಕಾಲಂ ಸೇರಿಸುವುದು ನಿಮ್ಮ ಕೈಯಲ್ಲೇ ಇದೆ. ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ ಅಲ್ವಾ?

ಕೊನೆಗೆ ದುಡ್ಡಿನ ವಿಷಯ. ತರಬೇತಿಗೆ ಬಂದ ಹೊತ್ತಿಗೆ ಕೂಲಿ ಕೊಡಿ. ಕೆ.ಜಿ. ಲೆಕ್ಕದವರಿಗೂ ಕೊಡಿ. ಸಂತೆಯ ದಿನ ಸಂತೆಗೆ ಹೋಗಬೇಕಾದವರನ್ನು ಕೂರಿಸಿ ಪಾಠ ಮಾಡಬೇಡಿ. ಕಲಿಯುವುದೂ ತೋಟದ ಕೆಲಸವೇ ಎಂದು ಮಾಲೀಕರು ನಂಬಿದ್ದಾರೋ ಇಲ್ಲವೋ ಎಂಬುದನ್ನು ಕಾರ್ಮಿಕರು ತಿಳಿಯುವುದು ಕೂಲಿ ಚೀಟಿಯಿಂದ. ಸಣ್ಣ ಬೆಳೆಗಾರರಿಗೆ ಇದು ಕಷ್ಟ ಎಂದು ನನಗೆ ಗೊತ್ತು. ಎರಡು ಮೂರು ಎಕರೆಯವರು ಒಬ್ಬೊಬ್ಬರೇ ಮಾಡಲಾಗದು. ಅಲ್ಲಿ ಸಹಕಾರ ಸಂಘಗಳು ಮುಂದೆ ಬರಬೇಕು. ಐದಾರು ತೋಟದವರು ಸೇರಿ ಒಂದು ತೋಟದಲ್ಲಿ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ. ಇಲಾಖೆಗಳು ಹಾಲ್ ಬಾಡಿಗೆ, ಊಟ, ಬ್ಯಾನರ್‌ಗೆ ಇಟ್ಟ ಹಣವನ್ನು ಆ ದಿನದ ಕೂಲಿಗೆ ಬಳಸಲು ಅವಕಾಶ ಮಾಡಿಕೊಟ್ಟರೆ ಇದು ಇದೇ ವರ್ಷ ಆಗುತ್ತದೆ.

ಮಳೆಗೆ ಮೊದಲಿನ ಸ್ಪ್ರೇ ಕೆಲಸದಿಂದಲೇ ಶುರು ಮಾಡೋಣ. ಒಪ್ಪುವ ತೋಟದವರು ಮೇಸ್ತ್ರಿಯನ್ನೂ ಇಬ್ಬರು ಕಾರ್ಮಿಕರನ್ನೂ ಕೂಲಿ ಕೊಟ್ಟು ಎರಡು ಗಂಟೆ ಬಿಟ್ಟುಕೊಡಿ. ಡ್ರಮ್, ಸುಣ್ಣ, ಮೈಲುತುತ್ತ ಹೇಗೂ ನಿಮ್ಮಲ್ಲೇ ಇರುತ್ತದೆ. ನಾನು ಬರುತ್ತೇನೆ. ತಿಂಗಳು ಬಿಟ್ಟು ಮತ್ತೆ ನೋಡಲೂ ಬರುತ್ತೇನೆ. ಆಗ ಇಲಾಖೆಯಿಂದಲೂ ಒಬ್ಬರು ನನ್ನ ಜೊತೆ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಕೊಡಗಿನ ಒಬ್ಬ ತರಬೇತುದಾರ